ಏರಿಳಿಯುವ ಬಿ.ಪಿ., ಅಡಗಿ ಕೂತ ಗೆಡ್ಡೆ ಮತ್ತು ಬಾಸ್ಟನ್ನಿನ ಇಲಿಗಳು

ಸುಮ್ಮನೆ ಕೂತಿರುತ್ತೀರಿ. ಯಾರೂ ಬೈದಿಲ್ಲ, ಹೆದರಿಸಿಲ್ಲ, ನೀವು ಮೆಟ್ಟಿಲು ಹತ್ತಿ ಬಂದವರೂ ಅಲ್ಲ. ಇದ್ದಕ್ಕಿದ್ದಂತೆ ಎದೆ ನಗಾರಿಯಂತೆ ಬಡಿದುಕೊಳ್ಳತೊಡಗುತ್ತದೆ. ತಲೆ ಸಿಡಿಯುತ್ತದೆ. ಅಂಗಿ ತೊಯ್ದು ಹೋಗುವಷ್ಟು ಬೆವರು. ಮುಖ ಬಿಳಿಚಿಕೊಂಡು ಕೈ ನಡುಗುತ್ತದೆ. ಇನ್ನೇನು ಪ್ರಾಣವೇ ಹೋಯಿತು ಎನಿಸುತ್ತದೆ. ಹತ್ತು ನಿಮಿಷವೋ ಅರ್ಧ ಗಂಟೆಯೋ ಕಳೆದ ಮೇಲೆ ಎಲ್ಲವೂ ತಣ್ಣಗಾಗುತ್ತದೆ. ಮನೆಯವರು ಆಟೊ ಹತ್ತಿಸಿ ವೈದ್ಯರ ಬಳಿ ಕರೆದೊಯ್ಯುವ ಹೊತ್ತಿಗೆ ಬಿ.ಪಿ. ಸರಿಯಾಗಿದೆ, ಇ.ಸಿ.ಜಿ. ಸರಿಯಾಗಿದೆ. 'ಟೆನ್ಷನ್ ಮಾಡ್ಕೋಬೇಡಿ' ಎಂಬ ಬುದ್ಧಿಮಾತು, ಜೊತೆಗೊಂದು ನಿದ್ದೆ ಮಾತ್ರೆ. ಅಷ್ಟರಲ್ಲಿ ಅತ್ತೆಯೋ ನೆರೆಮನೆಯವರೋ 'ಯಾರದೋ ದೃಷ್ಟಿ ತಾಗಿದೆ' ಎಂದು ಮೆಣಸಿನಕಾಯಿ, ಉಪ್ಪು ನಿವಾಳಿಸಿಯೂ ಆಗಿರುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೀಗೆ ಆಗುವವರಲ್ಲಿ ಬಹುಪಾಲು ಮಂದಿಗೆ ಅದು ನಿಜವಾಗಿಯೂ ಗಾಬರಿಯ ತೊಂದರೆಯೇ, ಅಥವಾ ಮುಟ್ಟು ನಿಲ್ಲುವ ವಯಸ್ಸಿನ ಏರುಪೇರು, ಅಥವಾ ಥೈರಾಯ್ಡ್ ಗ್ರಂಥಿಯ ಹೆಚ್ಚಿನ ಚಟುವಟಿಕೆ. ಆದ್ದರಿಂದ ಇದನ್ನು ಓದಿ ಯಾರೂ ರಾತ್ರಿಯಿಡೀ ನಾಡಿ ಹಿಡಿದು ಕೂರಬೇಕಾಗಿಲ್ಲ. ಆದರೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 2ರಿಂದ 8 ಮಂದಿಯಲ್ಲಿ ಇದರ ಮೂಲ ಮನಸ್ಸಿನಲ್ಲಿರುವುದಿಲ್ಲ, ಹೊಟ್ಟೆಯೊಳಗೆ ಇರುತ್ತದೆ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದ ಒಂದು ಗೆಡ್ಡೆ. ಅದರ ಹೆಸರು ಉದ್ದ: ಫಿಯೊಕ್ರೊಮೊಸೈಟೋಮ. ಅದನ್ನು ಗುರುತಿಸಿದರೆ ಸಾಮಾನ್ಯವಾಗಿ ತೆಗೆದುಹಾಕಬಹುದು. ಗುರುತಿಸದೆ ಹೋದರೆ, ಹರ್ನಿಯಾದಂಥ ಚಿಕ್ಕ ಆಪರೇಷನ್ನಿಗೆ ಅರಿವಳಿಕೆ ಕೊಟ್ಟಾಗಲೋ ಹೆರಿಗೆಯ ಹೊತ್ತಿನಲ್ಲೋ ಬಿ.ಪಿ. ಒಮ್ಮೆಲೇ ಆಕಾಶಕ್ಕೇರಿ ಜೀವಕ್ಕೇ ಸಂಚಕಾರವಾಗಬಹುದು.

ಈ ವಾರ ಈ ಗೆಡ್ಡೆಯ ವಿಷಯ ಎತ್ತಿಕೊಳ್ಳಲು ಇನ್ನೊಂದು ಕಾರಣವಿದೆ. ಇದರ ಒಂದು ಬಗೆ ಮನೆತನದಲ್ಲಿ ಹರಿದು ಬರುತ್ತದೆ, ಅದೇ ಹೆಚ್ಚು ಅಪಾಯಕಾರಿ. ಅದಕ್ಕೆ ಮದ್ದು ಹುಡುಕಲು ಹೊರಟ ವಿಜ್ಞಾನಿಗಳು ಬಹಳ ವರ್ಷ ತಪ್ಪು ಪ್ರಾಣಿಯ ಹಿಂದೆ ಅಲೆದರು. ಸರಿಯಾದ ಪ್ರಾಣಿ ಪಕ್ಕದ ಪಂಜರದಲ್ಲೇ ಇತ್ತು!

ಫ್ರೈಬುರ್ಗಿನ ಹುಡುಗಿ

ಜರ್ಮನಿಯ ಫ್ರೈಬುರ್ಗ್ ಊರಿನ ಆಸ್ಪತ್ರೆಗೆ 18 ವರ್ಷದ ಒಬ್ಬ ಹುಡುಗಿ ಬಂದಿದ್ದಳು. ಆಗಾಗ ಎದೆಬಡಿತ, ತಲೆನೋವು, ವಾಂತಿ, ಮುಖ ಬಿಳಿಚುವುದು. ಕೆಲವೇ ದಿನಗಳಲ್ಲಿ ತೀರಿಕೊಂಡಳು. ಶವಪರೀಕ್ಷೆಯಲ್ಲಿ ಎರಡೂ ಅಡ್ರಿನಲ್ ಗ್ರಂಥಿಗಳಲ್ಲಿ ಗೆಡ್ಡೆಗಳು ಕಂಡವು. 1886ರಲ್ಲಿ ಫೆಲಿಕ್ಸ್ ಫ್ರೆಂಕೆಲ್ ಎಂಬ ವೈದ್ಯರು ಅದನ್ನು ಬರೆದಿಟ್ಟರು. ಅಡ್ರಿನಲಿನ್ ಎಂಬ ಹಾರ್ಮೋನೊಂದು ಇದೆ ಎಂಬುದೇ ಆಗ ಯಾರಿಗೂ ತಿಳಿದಿರಲಿಲ್ಲ. ಗೆಡ್ಡೆಗೆ ಈಗಿನ ಹೆಸರು ಬಂದದ್ದು 1912ರಲ್ಲಿ. ಕ್ರೋಮಿಯಂ ಲವಣ ತಾಗಿದರೆ ಅದರ ಜೀವಕೋಶಗಳು ಕಂದುಗಪ್ಪು ಬಣ್ಣಕ್ಕೆ ತಿರುಗುತ್ತವೆ, ಆ ಕಾರಣಕ್ಕೆ ಲುಡ್ವಿಗ್ ಪಿಕ್ ಎಂಬವರು ಇಟ್ಟ ಹೆಸರು. 1926ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸೀಸರ್ ರೂ, ಅಮೆರಿಕದಲ್ಲಿ ಚಾರ್ಲ್ಸ್ ಮೇಯೊ ಇಂಥ ಗೆಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ರೋಗಿಯನ್ನು ಉಳಿಸಿದರು.

ಆ ಹುಡುಗಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 121 ವರ್ಷಗಳ ನಂತರ, 2007ರಲ್ಲಿ, ಅದೇ ಫ್ರೈಬುರ್ಗಿನ ವೈದ್ಯರು ಅವಳ ವಂಶವೃಕ್ಷ ಹುಡುಕಿ ತೆಗೆದು, ಬದುಕಿರುವ ಸಂಬಂಧಿಕರ ರಕ್ತ ಪರೀಕ್ಷಿಸಿದರು. ಕೆಲವರಲ್ಲಿ 'ರೆಟ್' ಎಂಬ ಜೀನಿನಲ್ಲಿ ದೋಷ ಸಿಕ್ಕಿತು. ಈ ದೋಷ ಇದ್ದವರಿಗೆ ಅಡ್ರಿನಲ್ ಗೆಡ್ಡೆಯ ಜೊತೆಗೆ ಥೈರಾಯ್ಡಿನ ಒಂದು ಬಗೆಯ ಕ್ಯಾನ್ಸರ್ ಕೂಡ ಬರುತ್ತದೆ. ಅಂದರೆ ಆ ಹುಡುಗಿಯ ಜೀವ ತೆಗೆದದ್ದು ಒಂದು ಶತಮಾನ ದಾಟಿ ಮನೆತನದಲ್ಲಿ ಸದ್ದಿಲ್ಲದೆ ಇಳಿದು ಬಂದಿತ್ತು. ಈಗ ಅವರಿಗೆ ಅದು ಗೊತ್ತಿದೆ, ಮುಂಜಾಗ್ರತೆ ವಹಿಸಬಹುದು.

ಮನೆಯ ಒಲೆ ಕೆಟ್ಟರೆ

ಅಡ್ರಿನಲ್ ಗ್ರಂಥಿ ತೂಕದಲ್ಲಿ ನಾಲ್ಕೈದು ಗ್ರಾಂ. ಹೊರಗಿನ ಸಿಪ್ಪೆ ಸ್ಟೆರಾಯ್ಡ್ ಹಾರ್ಮೋನುಗಳನ್ನು ಮಾಡುತ್ತದೆ, ಒಳಗಿನ ತಿರುಳು ಅಡ್ರಿನಲಿನ್ ಮತ್ತು ಅದರ ಸೋದರ ರಸಾಯನವಾದ ನಾರಡ್ರಿನಲಿನ್ ಅನ್ನು ಮಾಡುತ್ತದೆ. ಬೀದಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗ ನಿಮ್ಮ ಕಾಲಿಗೆ ಎಲ್ಲಿಲ್ಲದ ಶಕ್ತಿ ಬರುತ್ತದಲ್ಲ, ಅದು ಈ ತಿರುಳಿನ ಕೊಡುಗೆ. ಗೆಡ್ಡೆ ಬೆಳೆದಾಗ ನಾಯಿ ಇಲ್ಲದೆಯೇ ನಾಯಿ ಬಂದಂತಾಗುತ್ತದೆ. ಬಗ್ಗಿದಾಗ, ಹೊಟ್ಟೆ ಒತ್ತಿದಾಗ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಈ ರಸಾಯನ ರಕ್ತಕ್ಕೆ ನುಗ್ಗುತ್ತದೆ.

ಇದೇ ಜಾತಿಯ ಜೀವಕೋಶಗಳು ಬೆನ್ನುಮೂಳೆಯ ಇಕ್ಕೆಲದಲ್ಲಿ, ಮೂತ್ರಕೋಶದ ಗೋಡೆಯಲ್ಲಿ, ಕತ್ತಿನ ರಕ್ತನಾಳದ ಕವಲಿನಲ್ಲೂ ಚದುರಿಕೊಂಡಿವೆ. ಅಲ್ಲಿ ಗೆಡ್ಡೆಯಾದರೆ ಅದಕ್ಕೆ ಪ್ಯಾರಾಗ್ಯಾಂಗ್ಲಿಯೋಮ ಎಂದು ಹೆಸರು. ಮೂತ್ರಕೋಶದಲ್ಲಿ ಆದವರಿಗೆ ಮೂತ್ರ ಮಾಡಿದ ಕೂಡಲೇ ತಲೆ ಸಿಡಿದು ಎದೆ ಬಡಿಯುವ ವಿಚಿತ್ರ ಲಕ್ಷಣ ಇರುತ್ತದೆ. ಇದನ್ನು ವೈದ್ಯರಿಗೆ ಹೇಳಲು ನಾಚಿಕೊಂಡರೆ ರೋಗ ಪತ್ತೆಯಾಗುವ ಬಾಗಿಲೇ ಮುಚ್ಚಿಹೋಗುತ್ತದೆ.

ಕತ್ತಿನ ಕವಲಿನಲ್ಲಿರುವುದು ಅಕ್ಕಿಕಾಳಿನಷ್ಟು ದೊಡ್ಡ ಒಂದು ಅಂಗ, ಕೆರೋಟಿಡ್ ಕಾಯ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಮೊದಲು ಗೊತ್ತಾಗುವುದು ಅದಕ್ಕೆ. ಪೆರು ದೇಶದ ಆಂಡಿಸ್ ಪರ್ವತಗಳ ಮೇಲೆ, ಗಾಳಿ ತೆಳುವಾಗಿರುವಲ್ಲಿ ಬಾಳುವ ಜನರಲ್ಲಿ ಈ ಅಂಗ ಹಿಗ್ಗುತ್ತದೆ, ಅದರ ಗೆಡ್ಡೆಗಳೂ ಹೆಚ್ಚು ಎಂದು ಅಲ್ಲಿನ ವೈದ್ಯರು 1970ರ ದಶಕದಲ್ಲೇ ಗಮನಿಸಿದ್ದರು. ಆಗ ಅದೊಂದು ಭೂಗೋಳದ ಸ್ವಾರಸ್ಯ ಮಾತ್ರವಾಗಿತ್ತು.

2000ನೇ ಇಸವಿಯಲ್ಲಿ ಅದಕ್ಕೆ ಅರ್ಥ ಬಂತು. ಅಮೆರಿಕದ ಪಿಟ್ಸ್‌ಬರ್ಗಿನ ಬೋರಾ ಬೈಸಲ್ ಮತ್ತು ಸಂಗಡಿಗರು ಮನೆತನದಲ್ಲಿ ಬರುವ ಪ್ಯಾರಾಗ್ಯಾಂಗ್ಲಿಯೋಮಕ್ಕೆ ಕಾರಣವಾದ ಜೀನನ್ನು ಹಿಡಿದರು: ಎಸ್‌ಡಿಎಚ್‌ಡಿ. ಮರುವರ್ಷ ಅದರ ಒಡಹುಟ್ಟಾದ ಎಸ್‌ಡಿಎಚ್‌ಬಿ ಸಿಕ್ಕಿತು. ಕ್ಯಾನ್ಸರ್ ತಜ್ಞರು ಕಣ್ಣುಜ್ಜಿಕೊಂಡು ನೋಡಿದರು. ಏಕೆಂದರೆ ಇವು ಜೀವಕೋಶ ಒಡೆಯುವುದನ್ನು ನಿಯಂತ್ರಿಸುವ ಜೀನುಗಳಲ್ಲ, ಬರೀ ಅಡುಗೆಮನೆಯ ಕೆಲಸದವು!

ಪ್ರತಿ ಜೀವಕೋಶದೊಳಗೂ ಮೈಟೊಕಾಂಡ್ರಿಯ ಎಂಬ ಒಲೆಗಳಿವೆ. ನಾವು ತಿಂದ ಅನ್ನ, ಮುದ್ದೆ, ಎಣ್ಣೆ ಎಲ್ಲವೂ ಕೊನೆಗೆ ಅಲ್ಲಿ ಉರಿದು ಶಕ್ತಿಯಾಗುತ್ತದೆ. ಈ ಉರಿಸುವ ಕೆಲಸ ಒಂದು ಚಕ್ರದಂತೆ ಹಂತಹಂತವಾಗಿ ನಡೆಯುತ್ತದೆ. ಒಂದು ಹಂತದಲ್ಲಿ ಸಕ್ಸಿನೇಟ್ ಎಂಬ ವಸ್ತು ಬರುತ್ತದೆ. ಅದನ್ನು ಮುಂದಕ್ಕೆ ಸಾಗಿಸುವ ಕಿಣ್ವ ನಾಲ್ಕು ತುಂಡುಗಳು ಸೇರಿ ಆದದ್ದು. ಒಂದು ತುಂಡು ಕೆಟ್ಟರೂ ಕಿಣ್ವ ನಿಲ್ಲುತ್ತದೆ, ಸಕ್ಸಿನೇಟ್ ಕಟ್ಟಿಕೊಂಡ ಚರಂಡಿಯ ನೀರಿನಂತೆ ತುಂಬಿಕೊಳ್ಳುತ್ತದೆ. ಹೀಗೆ ತುಂಬಿಕೊಂಡ ಸಕ್ಸಿನೇಟ್ ಜೀವಕೋಶಕ್ಕೆ ಒಂದು ಸುಳ್ಳು ಸುದ್ದಿ ಮುಟ್ಟಿಸುತ್ತದೆ: 'ಆಮ್ಲಜನಕ ಇಲ್ಲ!' ಆಮ್ಲಜನಕ ಧಾರಾಳವಾಗಿದ್ದರೂ ಜೀವಕೋಶ ಆಂಡಿಸ್ ಶಿಖರದ ಮೇಲಿದ್ದಂತೆ ವರ್ತಿಸುತ್ತದೆ. ಹೊಸ ರಕ್ತನಾಳ ತರಿಸಿಕೊಳ್ಳುತ್ತದೆ, ಬೆಳೆಯುತ್ತದೆ, ಒಡೆಯುತ್ತದೆ. ಜೀವಕೋಶ ಆಮ್ಲಜನಕವನ್ನು ಅಳೆಯುವ ಈ ಏರ್ಪಾಡನ್ನು ಬಿಡಿಸಿ ತೋರಿಸಿದ ಕೇಲಿನ್, ರಾಟ್‌ಕ್ಲಿಫ್ ಮತ್ತು ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು.

ಹಿಂದೆ ವೈದ್ಯ ವಿದ್ಯಾರ್ಥಿಗಳಿಗೆ 'ಹತ್ತರಲ್ಲೊಂದು ಗೆಡ್ಡೆ ಮಾತ್ರ ವಂಶಪಾರಂಪರ್ಯ' ಎಂದು ಉರು ಹೊಡೆಸುತ್ತಿದ್ದರು. ಆ ಲೆಕ್ಕ ಈಗ ತಲೆಕೆಳಗಾಗಿದೆ. ಇಪ್ಪತ್ತರಷ್ಟು ಜೀನುಗಳು ಸಿಕ್ಕಿವೆ, ನೂರರಲ್ಲಿ 30ರಿಂದ 40 ರೋಗಿಗಳಲ್ಲಿ ಹುಟ್ಟಿನಿಂದಲೇ ಬಂದ ದೋಷವಿರುತ್ತದೆ. ಅವುಗಳಲ್ಲೆಲ್ಲ ವೈದ್ಯರು ಹೆಚ್ಚು ಹೆದರುವುದು ಎಸ್‌ಡಿಎಚ್‌ಬಿಗೆ. ಮೂಳೆಗೆ, ಯಕೃತ್ತಿಗೆ, ಶ್ವಾಸಕೋಶಕ್ಕೆ ಹರಡುವ ಸಂಭವ ಅದರಲ್ಲಿ ಹೆಚ್ಚು. ಹರಡಿದ ಮೇಲೆ ಕೊಡಲು ಒಳ್ಳೆಯ ಮದ್ದು ಇರಲಿಲ್ಲ. ಹೊಸ ಮದ್ದನ್ನು ಪರೀಕ್ಷಿಸಿ ನೋಡೋಣವೆಂದರೆ ಅದೇ ಗೆಡ್ಡೆ ಇರುವ ಪ್ರಾಣಿಯೂ ಇರಲಿಲ್ಲ.

ಇಲಿಗಳಲ್ಲಿ ಎರಡು ಬಗೆ

ನಮ್ಮ ಮಾತಿನಲ್ಲಿ 'ಇಲಿ' ಎಂದರೆ ಮುಗಿಯಿತು. ಪ್ರಯೋಗಶಾಲೆಯಲ್ಲಿ ಅಷ್ಟು ಸರಳವಲ್ಲ. ಒಂದು ಸುಂಡಿಲಿ, ಇಂಗ್ಲಿಷಿನ 'ಮೌಸ್', ತೂಕ 25-30 ಗ್ರಾಂ. ಇನ್ನೊಂದು ದೊಡ್ಡ ಇಲಿ, 'ರ್‍ಯಾಟ್', ತೂಕ 300 ಗ್ರಾಂ ದಾಟುತ್ತದೆ. ನೋಡಲು ಅಣ್ಣತಮ್ಮಂದಿರಂತೆ ಕಂಡರೂ ಇವೆರಡರ ವಂಶಗಳು ಒಂದು ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ ಬೇರೆಯಾಗಿವೆ.

ಜೀನಿನ ಪ್ರಯೋಗಗಳಿಗೆ ಎಲ್ಲರೂ ಸುಂಡಿಲಿಯನ್ನೇ ಹಿಡಿದರು. ಕಾರಣ ಸರಳ. ಬೇಕಾದ ಜೀನನ್ನು ಕೆಡಿಸಿದ ಸುಂಡಿಲಿಯನ್ನು ಪಡೆಯುವ ವಿಧಾನ 1989ರಲ್ಲೇ ಕೈಗೆ ಸಿಕ್ಕಿತ್ತು. ಭ್ರೂಣದ ಮೂಲಕೋಶಗಳಲ್ಲಿ ಜೀನು ಬದಲಿಸಿ, ಅವನ್ನು ಇನ್ನೊಂದು ಭ್ರೂಣಕ್ಕೆ ಸೇರಿಸುವ ಆ ವಿದ್ಯೆಗೆ 2007ರಲ್ಲಿ ಕಪೆಕ್ಕಿ, ಇವಾನ್ಸ್, ಸ್ಮಿತೀಸ್ ಮೂವರಿಗೆ ನೊಬೆಲ್ ಸಿಕ್ಕಿತು. ದೊಡ್ಡ ಇಲಿಯ ಮೂಲಕೋಶ ಮಾತ್ರ ಪ್ರಯೋಗಶಾಲೆಯ ತಟ್ಟೆಯಲ್ಲಿ ಬಾಳುತ್ತಲೇ ಇರಲಿಲ್ಲ. 2008ರವರೆಗೂ ಅದು ಯಾರಿಗೂ ಒಲಿಯಲಿಲ್ಲ. ಎಲ್ಲಿ ಬೀಗದ ಕೈ ಇದೆಯೋ ಆ ಕೋಣೆಯನ್ನಷ್ಟೇ ಹುಡುಕಿದ ಹಾಗಾಯಿತು.

ಸ್ಪೇನಿನ ಸೆವಿಲ್ ನಗರದಲ್ಲಿ 2004ರಲ್ಲಿ ಎಸ್‌ಡಿಎಚ್‌ಡಿ ಜೀನು ಕೆಡಿಸಿದ ಸುಂಡಿಲಿಗಳನ್ನು ಮಾಡಿದರು. ಪ್ರತಿ ಜೀನೂ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತದೆ, ಅಪ್ಪನದೊಂದು, ಅಮ್ಮನದೊಂದು. ಎರಡೂ ಪ್ರತಿ ಕೆಟ್ಟ ಸುಂಡಿಲಿಗಳು ಗರ್ಭದಲ್ಲೇ ಸತ್ತವು. ಒಂದು ಮಾತ್ರ ಕೆಟ್ಟವು ಮುದಿಯಾಗುವವರೆಗೂ ಆರಾಮವಾಗಿ ಓಡಾಡಿಕೊಂಡಿದ್ದವು. ಗೆಡ್ಡೆಯ ಸುಳಿವಿಲ್ಲ. ಎಸ್‌ಡಿಎಚ್‌ಬಿ ಕೆಡಿಸಿ ನೋಡಿದರು, ಅದೇ ಕಥೆ. ಇನ್ನೊಂದೆರಡು ಜೀನುಗಳನ್ನು ಜೊತೆಗೆ ಕೆಡಿಸಿದರು, ಆಗಲೂ ಮನುಷ್ಯನ ಗೆಡ್ಡೆಯನ್ನು ಹೋಲುವುದು ಬರಲಿಲ್ಲ. ಮನುಷ್ಯರಲ್ಲಿ ಒಂದೇ ಪ್ರತಿ ಕೆಟ್ಟು ಹುಟ್ಟಿದರೂ ಗೆಡ್ಡೆ ಬರುತ್ತದೆ, ಏಕೆಂದರೆ ಬದುಕಿನ ನಡುವೆ ಯಾವುದೋ ಒಂದು ಜೀವಕೋಶದಲ್ಲಿ ಎರಡನೆಯದೂ ಕಳೆದುಹೋಗುತ್ತದೆ. ಸುಂಡಿಲಿಯಲ್ಲಿ ಹಾಗಾಗುತ್ತಿರಲಿಲ್ಲ.

ಈಗ ಬಾಸ್ಟನ್ನಿಗೆ ಬರೋಣ. ಅಲ್ಲಿನ ಟಫ್ಟ್ಸ್ ವೈದ್ಯಕೀಯ ಕೇಂದ್ರದ ಆರ್ಥರ್ ಟಿಶ್ಲರ್ ಎಂಬ ರೋಗವಿಜ್ಞಾನಿಗೆ ಈ ಗೆಡ್ಡೆಯೊಂದಿಗೆ ಹಳೆಯ ನಂಟು. 1976ರಲ್ಲಿ ಅವರು ಲಾಯ್ಡ್ ಗ್ರೀನ್ ಅವರೊಡನೆ ಒಂದು ದೊಡ್ಡ ಇಲಿಯ ಅಡ್ರಿನಲ್ ಗೆಡ್ಡೆಯಿಂದ ಜೀವಕೋಶಗಳನ್ನು ತೆಗೆದು, ತಟ್ಟೆಯಲ್ಲಿ ಸತತವಾಗಿ ಬೆಳೆಯುವಂತೆ ಮಾಡಿದ್ದರು. ಪಿಸಿ12 ಎಂದು ಅವಕ್ಕೆ ಹೆಸರು. ನರ ಬೆಳೆಸುವ ಒಂದು ಪ್ರೋಟೀನನ್ನು ತೊಟ್ಟಿಕ್ಕಿದರೆ ಈ ಕೋಶಗಳು ಒಡೆಯುವುದನ್ನು ನಿಲ್ಲಿಸಿ, ನರಕೋಶಗಳಂತೆ ಉದ್ದುದ್ದ ಎಳೆ ಚಾಚುತ್ತವೆ. ಹಾಗಾಗಿ ಜಗತ್ತಿನ ನರವಿಜ್ಞಾನಿಗಳೆಲ್ಲ ಅವನ್ನು ತರಿಸಿಕೊಂಡರು. ಅದು ಮೂಲದಲ್ಲಿ ಒಂದು ಗೆಡ್ಡೆಯ ತುಣುಕು ಎಂಬುದು ಹಲವರಿಗೆ ಮರೆತೇ ಹೋಗಿತ್ತು.

ಮರೆತದ್ದಕ್ಕೆ ಒಂದು ಬೆಲೆಯನ್ನೂ ತೆರಬೇಕಾಯಿತು. 1995ರಲ್ಲಿ ನ್ಯೂಯಾರ್ಕಿನ ಇಬ್ಬರು ಸಂಶೋಧಕರು ಪಿಸಿ12 ಕೋಶಗಳಲ್ಲಿ 'ಮ್ಯಾಕ್ಸ್' ಎಂಬ ಪ್ರೋಟೀನು ಇಲ್ಲವೇ ಇಲ್ಲ ಎಂದು ಕಂಡುಕೊಂಡರು. ಅದನ್ನು ಓದಿದವರು ಒಂದು ವಿಚಿತ್ರ ಎಂದುಕೊಂಡು ಪುಟ ತಿರುವಿದರು. 16 ವರ್ಷಗಳ ಬಳಿಕ, 2011ರಲ್ಲಿ, ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ವಂಶಪಾರಂಪರ್ಯ ಅಡ್ರಿನಲ್ ಗೆಡ್ಡೆ ಇದ್ದ ರೋಗಿಗಳ ಜೀನುಗಳನ್ನು ಪೂರ್ತಿ ಓದಿದಾಗ ಸಿಕ್ಕಿದ ದೋಷ ಯಾವ ಜೀನಿನದು ಗೊತ್ತೇ? ಅದೇ ಮ್ಯಾಕ್ಸ್! ಇಲಿ ಎಂದೋ ಹೇಳಿತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ.

ಇಂಥದೇ ಇನ್ನೊಂದು ಪ್ರಸಂಗ ಜರ್ಮನಿಯ ಮ್ಯೂನಿಕ್ ಬಳಿ ನಡೆಯಿತು. ಸಾಕಿದ ದೊಡ್ಡ ಇಲಿಗಳ ಒಂದು ಗುಂಪಿನಲ್ಲಿ ಕೆಲವಕ್ಕೆ ಎಳೆಯ ವಯಸ್ಸಿನಲ್ಲೇ ಕಣ್ಣಿಗೆ ಪೊರೆ ಬರುತ್ತಿತ್ತು. ಅವನ್ನು ಬಿಸಾಡದೆ ಗಮನಿಸಿದಾಗ, ಅಡ್ರಿನಲ್, ಪಿಟ್ಯುಟರಿ, ಥೈರಾಯ್ಡ್ ಹೀಗೆ ಒಂದೇ ಇಲಿಯಲ್ಲಿ ಹಲವು ಹಾರ್ಮೋನು ಗ್ರಂಥಿಗಳಿಗೆ ಗೆಡ್ಡೆ. ನತಾಲಿಯ ಪೆಲ್ಲೆಗಾಟ ಮತ್ತು ಸಂಗಡಿಗರು 2006ರಲ್ಲಿ ಅದರ ಜೀನನ್ನು ಪತ್ತೆ ಹಚ್ಚಿ, ಅದೇ ಜೀನಿನ ದೋಷ ಒಂದು ಮನುಷ್ಯ ಕುಟುಂಬದಲ್ಲೂ ಇದೆ ಎಂದು ತೋರಿಸಿದರು. ಇಲಿಯಲ್ಲಿ ಮೊದಲು ಕಂಡು ಆಮೇಲೆ ಮನುಷ್ಯನಲ್ಲಿ ಗುರುತಿಸಿದ ಕಾಯಿಲೆ ಅದು.

ಟಿಶ್ಲರ್‌ಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ದೊಡ್ಡ ಇಲಿಗಳಲ್ಲಿ, ಅದರಲ್ಲೂ ಮುದಿ ಗಂಡುಗಳಲ್ಲಿ, ಅಡ್ರಿನಲ್ ಗೆಡ್ಡೆ ತಾನಾಗಿಯೇ ಬರುವುದು ಸಾಮಾನ್ಯ. ಔಷಧ ಕಂಪನಿಗಳ ಸುರಕ್ಷತಾ ಪರೀಕ್ಷೆಗಳಲ್ಲಿ ಇದೊಂದು ದೊಡ್ಡ ತಲೆನೋವೇ ಆಗಿತ್ತು. ಸುಂಡಿಲಿಯಲ್ಲಿ ಅದು ಅಪರೂಪ. ಹಾಗಿದ್ದರೆ ಎಸ್‌ಡಿಎಚ್‌ಬಿ ಜೀನನ್ನು ಕೆಡಿಸಬೇಕಾದದ್ದು ದೊಡ್ಡ ಇಲಿಯಲ್ಲಿ ಅಲ್ಲವೇ?

ಜೀನಿಗೆ ಕತ್ತರಿ

ಆ ಹೊತ್ತಿಗೆ ಬೀಗದ ಕೈಯೂ ಬಂದಿತ್ತು. ನಮ್ಮ ಜೀನುಗಳೆಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಬಹು ದೊಡ್ಡ ಗ್ರಂಥ. ಅದರಲ್ಲಿ ಒಂದು ಸಾಲನ್ನು ಹುಡುಕಿ, ಅಲ್ಲಿಯೇ ಕತ್ತರಿಸುವ ಸಾಧನಗಳು ಒಂದೊಂದಾಗಿ ಬಂದವು. 2009ರಲ್ಲಿ ಜಿಂಕ್ ಫಿಂಗರ್ ಎಂಬ ಕತ್ತರಿಯಿಂದ, ಮೂಲಕೋಶದ ಗೊಡವೆಯೇ ಇಲ್ಲದೆ, ನೇರವಾಗಿ ಭ್ರೂಣದಲ್ಲೇ ಜೀನು ಕತ್ತರಿಸಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೀನು ಕೆಡಿಸಿದ ದೊಡ್ಡ ಇಲಿಗಳನ್ನು ಪಡೆದರು. ಅನಂತರ ಟಾಲೆನ್ ಬಂತು. 2012ರಲ್ಲಿ ಷಾರ್ಪಾಂಟಿಯೆ ಮತ್ತು ಡೌಡ್ನ ಅವರು ವಿವರಿಸಿದ ಕ್ರಿಸ್ಪರ್ ಬಂತು. ಅವರಿಬ್ಬರಿಗೆ 2020ರ ನೊಬೆಲ್. ಬೇರೆ ಕತ್ತರಿಗಳಿಗೆ ಪ್ರತಿ ಜೀನಿಗೂ ಹೊಸ ಪ್ರೋಟೀನು ಕಟ್ಟಬೇಕಾಗಿತ್ತು. ಕ್ರಿಸ್ಪರ್‌ನಲ್ಲಿ ಕತ್ತರಿ ಒಂದೇ, ದಾರಿ ತೋರಿಸುವ ಪುಟ್ಟ ಆರ್‌ಎನ್‌ಎ ಚೀಟಿಯನ್ನು ಬದಲಾಯಿಸಿದರೆ ಸಾಕು. ಅಂಚೆಯಣ್ಣ ಅವನೇ, ವಿಳಾಸ ಮಾತ್ರ ಬೇರೆ.

ಕತ್ತರಿ ಬಿದ್ದ ಜಾಗವನ್ನು ಜೀವಕೋಶ ಅವಸರದಲ್ಲಿ ಹೊಲಿದುಕೊಳ್ಳುತ್ತದೆ. ಆ ಹೊಲಿಗೆಯಲ್ಲಿ ಒಂದೆರಡು ಅಕ್ಷರ ಬಿಟ್ಟುಹೋಗುತ್ತದೆ, ಇಲ್ಲವೇ ಹೆಚ್ಚಾಗುತ್ತದೆ. ಮುಂದಿನ ಓದೆಲ್ಲ ತಪ್ಪಾಗಿ ಜೀನು ಕೆಲಸಕ್ಕೆ ಬಾರದಂತಾಗುತ್ತದೆ. ಪ್ರಯೋಗಕ್ಕೆ ಬೇಕಾದದ್ದೂ ಅದೇ.

ಟಫ್ಟ್ಸ್‌ನ ಜೇಮ್ಸ್ ಪವರ್ಸ್, ಟಿಶ್ಲರ್ ಮತ್ತು ಸಂಗಡಿಗರು ಎಸ್‌ಡಿಎಚ್‌ಬಿಯ ಒಂದು ಪ್ರತಿ ಕೆಟ್ಟ ದೊಡ್ಡ ಇಲಿಗಳನ್ನು ಎತ್ತಿಕೊಂಡರು. ಬರೀ ಕಾದು ಕೂತರೆ ಇಲಿಯ ಎರಡು-ಮೂರು ವರ್ಷದ ಆಯುಷ್ಯವೇ ಮುಗಿದುಹೋದೀತು. ಅದಕ್ಕೆ ಅವರು ಹಳೆಯ ಉಪಾಯವೊಂದನ್ನು ಹೂಡಿದರು. ಪಿಸಿ12ರ ಮೂಲ ಗೆಡ್ಡೆ ಬಂದದ್ದು ವಿಕಿರಣ ಹಾಯಿಸಿದ ಇಲಿಯಲ್ಲಿ. ಅದರಂತೆ ಈ ಇಲಿಮರಿಗಳಿಗೂ ಎಳೆತನದಲ್ಲೇ ವಿಕಿರಣ ಕೊಟ್ಟರು. ಮುಂದೆ ಬಂದ ಗೆಡ್ಡೆಗಳಲ್ಲಿ ಒಂದರಲ್ಲಿ, ಉಳಿದಿದ್ದ ಒಳ್ಳೆಯ ಪ್ರತಿಯೂ ಕಳೆದುಹೋಗಿತ್ತು! ಮನುಷ್ಯರಲ್ಲಿ ಆಗುವುದೂ ಹಾಗೆಯೇ. ಆ ಗೆಡ್ಡೆಯ ತುಣುಕನ್ನು, ಹೊರಗಿನ ಅಂಗಾಂಶವನ್ನು ತಿರಸ್ಕರಿಸುವ ಶಕ್ತಿ ಇಲ್ಲದ ಸುಂಡಿಲಿಗಳ ಮೈಯಲ್ಲಿ ನೆಟ್ಟು ಬೆಳೆಸಿದರು. ತನ್ನದೇ ಗೆಡ್ಡೆ ಕೊಡಲು ಒಪ್ಪದ ಸುಂಡಿಲಿ ಕೊನೆಗೆ ಸೋದರನ ಗೆಡ್ಡೆಗೆ ಹೊಲವಾಯಿತು. ಆ ಗೆಡ್ಡೆಗೆ ಆರ್‌ಎಸ್‌0 ಎಂದು ಹೆಸರಿಟ್ಟು, ಅದರಿಂದ ತಟ್ಟೆಯಲ್ಲಿ ಬೆಳೆಯುವ ಕೋಶಗಳನ್ನೂ ಪಡೆದು, 2020ರಲ್ಲಿ ಪ್ರಕಟಿಸಿದರು. ಅದರ ಜೀನುಗಳ ಓದು, ಅದರೊಳಗಿನ ರಸಾಯನಗಳ ಲೆಕ್ಕ ಎರಡೂ ಎಸ್‌ಡಿಎಚ್‌ಬಿ ದೋಷವಿರುವ ಮನುಷ್ಯರ ಗೆಡ್ಡೆಗೆ ತೀರ ಹತ್ತಿರವಾಗಿದ್ದವು.

ಇಲಿಮರಿಗೆ ವಿಕಿರಣ ಎಂಬುದನ್ನು ಓದಿ ನಿಮಗೆ ಸಂಕಟವಾಗಿದ್ದರೆ ಅದು ಸಹಜ. ನನಗೂ ಆಯಿತು. ಇಂಥ ಪ್ರಯೋಗಗಳಿಗೆ ಎಲ್ಲ ಕಡೆ ನೀತಿ ಸಮಿತಿಗಳ ಅನುಮತಿ ಬೇಕು, ನಮ್ಮ ದೇಶದಲ್ಲೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅದಕ್ಕೊಂದು ಸಮಿತಿಯಿದೆ. ಆದರೂ ಸಂಕಟ ಪೂರ್ತಿ ಹೋಗುವುದಿಲ್ಲ, ಹೋಗಲೂಬಾರದು. ತಟ್ಟೆಯಲ್ಲೇ ಬೆಳೆಯುವ ಕೋಶಗಳಿದ್ದರೆ ಮುಂದೆ ಎಷ್ಟೋ ಮದ್ದುಗಳನ್ನು ಪ್ರಾಣಿಯ ಮೈಗೆ ಹೋಗದೆ ಅಲ್ಲಿಯೇ ಪರೀಕ್ಷಿಸಬಹುದು ಎಂಬುದೊಂದು ಸಮಾಧಾನ.

ಪತ್ರಿಕೆಗಳಲ್ಲಿ 'ಜೀನು ತಿದ್ದಿ ಕ್ಯಾನ್ಸರ್ ವಾಸಿ' ಎಂಬ ತಲೆಬರಹ ನೋಡಿ ಕೆಲವರು ಕೇಳುವುದುಂಟು, ನಮ್ಮ ಮಕ್ಕಳ ಜೀನನ್ನೂ ಹೀಗೆ ತಿದ್ದಿಸಬಹುದೇ ಎಂದು. ಇಲ್ಲ. ಇಲಿಯಲ್ಲಿ ಮಾಡಿದ್ದು ಜೀನನ್ನು ಕೆಡಿಸುವ ಕೆಲಸ. ಮೈಯ ಕೋಟಿ ಕೋಟಿ ಕೋಶಗಳಲ್ಲಿ ಕೆಟ್ಟ ಎಸ್‌ಡಿಎಚ್‌ಬಿಯನ್ನು ಸರಿಪಡಿಸುವ ಚಿಕಿತ್ಸೆ ಇವತ್ತು ಯಾವ ಆಸ್ಪತ್ರೆಯಲ್ಲೂ ಇಲ್ಲ. ಯಾರಾದರೂ ಇದೆ ಎಂದರೆ ಹಣ ಬಿಚ್ಚಬೇಡಿ.

ಮದ್ದಿನ ಕಡೆ ಮಾತ್ರ ಸ್ವಲ್ಪ ಬೆಳಕು ಕಾಣುತ್ತಿದೆ. ಜೀವಕೋಶದ 'ಆಮ್ಲಜನಕ ಇಲ್ಲ' ಎಂಬ ಸುಳ್ಳು ಕೂಗನ್ನು ಅಡಗಿಸುವ ಬೆಲ್ಜುಟಿಫಾನ್ ಎಂಬ ಮಾತ್ರೆಯನ್ನು 72 ರೋಗಿಗಳಿಗೆ ಕೊಟ್ಟು ನೋಡಿದಾಗ, ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಗೆಡ್ಡೆ ಗಮನಾರ್ಹವಾಗಿ ಕುಗ್ಗಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಹರಡಿದ ಅಥವಾ ಆಪರೇಷನ್ ಮಾಡಲಾಗದ ಗೆಡ್ಡೆಗಳಿಗೆ ಅದನ್ನು ಒಪ್ಪಿತು. ಈ ಮಾತ್ರೆ ಹುಟ್ಟಿದ್ದು ಬಾಸ್ಟನ್ನಿನ ಇಲಿಗಳಿಂದಲ್ಲ, ಆಮ್ಲಜನಕದ ಸಂಶೋಧನೆಯಿಂದ. ಉಳಿದ ಮೂವರಿಗೆ ಏನು ಕೊಡಬೇಕು ಎಂಬ ಪ್ರಶ್ನೆಗೆ ಆರ್‌ಎಸ್‌0ದಂಥ ಕೋಶಗಳು ಬೇಕು.

ನಿಮ್ಮ ಮನೆಗೆ ಸಂಬಂಧಿಸಿದ್ದು

ವಯಸ್ಸು ಚಿಕ್ಕದು, ಬಿ.ಪಿ. ದೊಡ್ಡದು, ಮೂರ್ನಾಲ್ಕು ಬಗೆಯ ಮಾತ್ರೆ ನುಂಗಿದರೂ ಹತೋಟಿಗೆ ಬರದ ಬಿ.ಪಿ.; ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೆ ಬಂದು ಹೋಗುವುದು; ಹಿಂದೊಮ್ಮೆ ಆಪರೇಷನ್ ಮೇಜಿನ ಮೇಲೆ ಬಿ.ಪಿ. ವಿಪರೀತ ಏರಿದ್ದು. ಇಂಥದ್ದಿದ್ದರೆ ನಿಮ್ಮ ವೈದ್ಯರನ್ನು ಕೇಳಿ, 'ಮೆಟಾನೆಫ್ರಿನ್ ಪರೀಕ್ಷೆ ಮಾಡಿಸೋಣವೇ ಡಾಕ್ಟ್ರೇ?' ಅಡ್ರಿನಲಿನ್ ಒಡೆದು ಆಗುವ ವಸ್ತು ಇದು. ರಕ್ತದಲ್ಲಿ ನೋಡಬಹುದು, ಇಲ್ಲವೇ 24 ಗಂಟೆ ಹಿಡಿದಿಟ್ಟ ಮೂತ್ರದಲ್ಲಿ ನೋಡಬಹುದು. ರಕ್ತ ಕೊಡುವ ಮೊದಲು ಅರ್ಧ ಗಂಟೆ ಅಂಗಾತ ಮಲಗಿರಬೇಕು. ಓಡಿ ಬಂದು ಕೂತು ಕೈ ಚಾಚಿದರೆ ಫಲಿತಾಂಶ ಸುಳ್ಳಾಗಿ ಹೆಚ್ಚು ಬರುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಮಾತ್ರೆಗಳೂ ಲೆಕ್ಕ ಕೆಡಿಸುತ್ತವೆ. ನೀವು ನುಂಗುವುದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದು ಹೆಚ್ಚಿದ್ದರೆ ಮಾತ್ರ ಸ್ಕ್ಯಾನಿಂಗ್. ಮೊದಲೇ ಸ್ಕ್ಯಾನಿಂಗಿಗೆ ಓಡಬೇಡಿ, ಗೆಡ್ಡೆ ಕಂಡ ಕೂಡಲೇ ಅದಕ್ಕೆ ಸೂಜಿ ಚುಚ್ಚಿ ನೋಡುವುದಕ್ಕೂ ಒಪ್ಪಬೇಡಿ. ಸೂಜಿ ತಾಗಿದರೆ ಅಡ್ರಿನಲಿನ್ ಪ್ರವಾಹವೇ ಹರಿಯಬಹುದು.

ಶಸ್ತ್ರಚಿಕಿತ್ಸೆಗೆ ಮುಂಚೆ ಒಂದೆರಡು ವಾರ 'ಆಲ್ಫಾ' ಗುಂಪಿನ ಮಾತ್ರೆ ಕೊಟ್ಟು ರಕ್ತನಾಳಗಳನ್ನು ಸಡಿಲಿಸುತ್ತಾರೆ. ಆ ದಿನಗಳಲ್ಲಿ ಉಪ್ಪು, ನೀರು ಧಾರಾಳವಾಗಿ ತೆಗೆದುಕೊಳ್ಳಲು ಹೇಳುತ್ತಾರೆ. ಬಿ.ಪಿ. ರೋಗಿಗೆ ಉಪ್ಪು ತಿನ್ನಲು ಹೇಳುವ ಅಪರೂಪದ ಸಂದರ್ಭ ಇದು, ಗಾಬರಿಯಾಗಬೇಡಿ. ಎದೆಬಡಿತಕ್ಕೆಂದು ಸಾಮಾನ್ಯವಾಗಿ ಕೊಡುವ 'ಬೀಟಾ' ಗುಂಪಿನ ಮಾತ್ರೆಯನ್ನು ಮೊದಲೇ ಕೊಟ್ಟರೆ ಬಿ.ಪಿ. ಇನ್ನಷ್ಟು ಏರಬಹುದು, ಅದು ಆಲ್ಫಾದ ನಂತರ.

ಗೆಡ್ಡೆ ತೆಗೆಸಿಕೊಂಡು ಮನೆಗೆ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ನಮ್ಮಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಅದನ್ನೇ. ಈ ಗೆಡ್ಡೆ ಬಂದ ಪ್ರತಿಯೊಬ್ಬರಿಗೂ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೂ, ಜೀನು ಪರೀಕ್ಷೆಯ ವಿಚಾರ ಮಾತಾಡಬೇಕು ಎನ್ನುತ್ತಾರೆ ತಜ್ಞರು. ದೋಷ ಸಿಕ್ಕರೆ ಅಣ್ಣ, ತಂಗಿ, ಮಕ್ಕಳು ಪ್ರತಿಯೊಬ್ಬರಿಗೂ ಅದು ಇರುವ ಸಂಭವ ನಾಣ್ಯ ಚಿಮ್ಮಿದಂತೆ, ಅರ್ಧಕ್ಕರ್ಧ. ಸೋದರಮಾವನನ್ನು ಮದುವೆಯಾದದ್ದರಿಂದ ಬಂತೇ ಎಂದು ಕೇಳುವವರಿದ್ದಾರೆ. ಅಲ್ಲ, ಇದಕ್ಕೆ ಒಬ್ಬರ ಕಡೆಯಿಂದ ಒಂದು ಕೆಟ್ಟ ಪ್ರತಿ ಬಂದರೆ ಸಾಕು. ದೋಷ ಇದ್ದವರಿಗೆಲ್ಲ ಗೆಡ್ಡೆ ಬರುತ್ತದೆಂದೂ ಅಲ್ಲ. ಎಸ್‌ಡಿಎಚ್‌ಬಿ ದೋಷ ಹೊತ್ತ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಬರುವುದೇ ಇಲ್ಲ. ಆದರೆ ಆ ಮಕ್ಕಳ ಮೇಲೆ 6ರಿಂದ 10ನೇ ವಯಸ್ಸಿನೊಳಗೆ ಕಣ್ಣಿಡಲು ಶುರುಮಾಡಬೇಕು: ಬಿ.ಪಿ., ಮೆಟಾನೆಫ್ರಿನ್, ಆಗಾಗ ವಿಕಿರಣವಿಲ್ಲದ ಎಂ.ಆರ್.ಐ.

ಎಸ್‌ಡಿಎಚ್‌ಡಿಯದು ಇನ್ನೂ ವಿಚಿತ್ರ. ಅದರ ಕೆಟ್ಟ ಪ್ರತಿ ತಂದೆಯಿಂದ ಬಂದರೆ ಗೆಡ್ಡೆ ಬರಬಹುದು, ತಾಯಿಯಿಂದ ಬಂದರೆ ಬಹುತೇಕ ಬರುವುದಿಲ್ಲ. ಹಾಗಾಗಿ ಅಜ್ಜಿಗೆ ಕತ್ತಿನಲ್ಲಿ ಗಂಟಿತ್ತು, ಅವಳ ಮಗನಿಗೆ ಏನೂ ಇಲ್ಲ, 'ಸದ್ಯ ಪೀಡೆ ತೊಲಗಿತು' ಎಂದುಕೊಳ್ಳುವಷ್ಟರಲ್ಲಿ ಮೊಮ್ಮಗಳಿಗೆ ಬಂದಿರುತ್ತದೆ. ವೈದ್ಯರು ಮನೆತನದ ಕಾಯಿಲೆ ಕೇಳಿದಾಗ ಅಪ್ಪ-ಅಮ್ಮನಿಗೇ ನಿಲ್ಲಿಸಬೇಡಿ, ಅಜ್ಜಿ, ಸೋದರತ್ತೆ, ಚಿಕ್ಕಪ್ಪಂದಿರವರೆಗೂ ಹೇಳಿ. ನಡುವಯಸ್ಸಿನಲ್ಲಿ ಹಠಾತ್ತನೆ ಹೋದವರು, 'ಹಾರ್ಟ್ ಅಟ್ಯಾಕ್ ಇರಬೇಕು' ಎಂದು ಸುಮ್ಮನಾದ ಸಾವುಗಳು, ಯಾವುದನ್ನೂ ಬಿಡಬೇಡಿ.

ಹೇಳಬೇಕಾದವರು ತೀರಿಹೋಗಿದ್ದರೆ? ಆಗಲೂ ಒಂದು ದಾರಿ ಇದೆ. ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಯ ತುಣುಕನ್ನು ಆಸ್ಪತ್ರೆಯ ಪೆಥಾಲಜಿ ವಿಭಾಗದವರು ಮೇಣದಲ್ಲಿ ಅದ್ದಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಅಚ್ಚಿನಲ್ಲಿ ವರ್ಷಗಟ್ಟಲೆ ಇಟ್ಟಿರುತ್ತಾರೆ. ಅದರಿಂದ ಒಂದು ತೆಳುವಾದ ಪದರ ಕುಯ್ದು ಎಸ್‌ಡಿಎಚ್‌ಬಿ ಬಣ್ಣ ಹಚ್ಚಿದರೆ, ಕಿಣ್ವ ಸರಿಯಿದ್ದ ಗೆಡ್ಡೆ ಕಂದಾಗುತ್ತದೆ, ಕೆಟ್ಟಿದ್ದರೆ ಬಣ್ಣ ಹಿಡಿಯುವುದಿಲ್ಲ. 2009ರಿಂದ ಈ ಪರೀಕ್ಷೆ ಬಳಕೆಯಲ್ಲಿದೆ. ಅಪ್ಪನ ಹಳೆಯ ಫೈಲನ್ನು ರದ್ದಿಗೆ ಹಾಕುವ ಮೊದಲು ಅದರಲ್ಲಿ ಬಯಾಪ್ಸಿ ವರದಿ ಇದೆಯೇ ನೋಡಿ. ಮೇಲ್ತುದಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ಆ ಆಸ್ಪತ್ರೆಗೆ ಹೋಗಿ, 'ಈ ನಂಬರಿನ ಬ್ಲಾಕ್ ಇನ್ನೂ ಇದೆಯೇ?' ಎಂದು ಕೇಳಿ.